ಬೆನ್ನಿನ ಮ್ಯಾಲಿನ ಕಿಸೆ

ಇವತ್ತು ಮುಂಜಾನಿ ಬೆಟಗೇರಿ ಬಸ್ ಸ್ಟ್ಯಾಂಡ್ ಹತ್ರ ಹಾಲಿನ ಪಾಕೀಟು ಹಿಡ್ಕೊಂಡು ನಿಂತಿದ್ದೆ ನೋಡ್ರಿ, ಒಬ್ಬ ಹುಡುಗ ಗಾಡಿ ಮ್ಯಾಲ ಹಾದು ಹೋದ. ಜರ್ಕಿನ್ ಹಿಂದ-ಮುಂದ ಮಾಡಿ ಹಾಕ್ಕೊಂಡಿದ್ದ. ಮಾಗಿ ಚಳಿಯೊಳಗ ಎದಿಗೆ ಗಾಳಿ ಹೊಡಿಬಾರ್ದು ಅಂತ ನಮ್ಮ ಕಡೆ ಗಂಡಸರು ಹಿಂಗ ಮಾಡ್ತಾರ. ನೋಡಿದವ್ರಿಗೆ ಮನಷ್ಯಾ ಆ ಕಡೆ ಹೊಂಟಾನೋ ಈ ಕಡೆ ಬರಾಕತ್ತಾನೋ ತಿಳಿಯಂಗಿಲ್ಲ. ಜರ್ಕಿನ್ನಿನ ಮುಂದಿನ ಕಿಸೆ ಎರಡೂ ಬೆನ್ನಿಗೆ ಬಂದಿದ್ವು. ಹಿಂದ ಕುಂತ ಹುಡುಗಿ ಅದರೊಳಗ ಕೈ ಇಟ್ಕೊಂಡು ಆರಾಮ ಕುಂತಿದ್ಲು. "ಅಯ್ಯ ಶಿವನ!" ಅಂದುಬಿಟ್ಟೆ. ಹಾಲಿನಂವ "ಏನಾತ್ರೀ ಅಕ್ಕಾರ?" ಅಂತ ಗಾಬರಿ ಆದ. ಏನಾತು ಅಂತ ನನಗರ ಎಲ್ಲಿ ಗೊತ್ತಿತ್ತು?

ಮದುವಿ ಆದ ಹೊಸದರಾಗ ನಾ ಮುಂಡರಗಿಯ ಒಂದು ಸಣ್ಣ ದವಾಖಾನಿಯೊಳಗ ರಕ್ತ ತಪಾಸಣಿ ಕೆಲಸಕ್ಕ ಹೋಗ್ತಿದ್ದೆ. ಸಕ್ಕರಿ ಕಾಯಿಲಿಯವ್ರು ಖಾಲಿ ಹೊಟ್ಟಿಲೆ ಹೊತ್ತು ಹುಟ್ಟೂದಕ್ಕ ಬಂದು ಕುಂತಿರ್ತಿದ್ರು. ನಾ ಹೋಗಿ ರಕ್ತ ತಗದ ಮ್ಯಾಲೆನ ಅವ್ರಿಗೆ ಚಹಾ. ತಡಾ ಆತೋ, ನನಗ ಬೈಗುಳ. ಆ ಹೊತ್ತಿಗೆ ಮುಟ್ಟಿಸೋ ಬಸ್ ಇರಲಿಲ್ಲ. ಅದಕ್ಕ ನಮ್ಮ ಮನಿಯವ್ರು ದಿನಾ ಗಾಡಿ ಮ್ಯಾಲ ಬಿಟ್ಟು, ತಿರುಗಿ ಬೆಟಗೇರಿಗೆ ಬಂದು ಮಗ್ಗಕ್ಕ ಕುಂಡ್ರತಿದ್ರು. ಸಂಜಿಗೆ ನಾ ಬಸ್ಸಿಗೆ ಬರ್ತಿದ್ದೆ.

ನಮ್ಮ ಮನಿಯವ್ರ ಸ್ವಭಾವ ಹೇಳಬೇಕಂದ್ರ, ನೇಕಾರ ನೂಲು ಹೆಂಗ ಹಾಳು ಮಾಡಂಗಿಲ್ಲೋ ಹಂಗ ಅವ್ರು ಮಾತು ಹಾಳು ಮಾಡಂಗಿಲ್ಲ. ನಾ ಹತ್ತು ಮಾತಾಡಿದ್ರ ಒಂದು "ಹೂಂ". ಈ ಮನಷ್ಯಾಗ ನಾ ಸೇರ್ತೀನೋ ಇಲ್ಲೋ ಅಂತ ನನಗ ಖಬರನ ಇಲ್ಲ. ಕೇಳಾಕ ನಾಚಿಗಿ. ಓಣಿಯಾಗ ನೋಡೋ ಕಣ್ಣು ಬ್ಯಾರೆ. ಹಿಂಗಾಗಿ ಗಾಡಿ ಮ್ಯಾಲ ನಮ್ಮಿಬ್ಬರ ನಡುವ ಬುತ್ತಿ ಚೀಲ ಇಟ್ಟು, ಎರಡೂ ಕೈ ಹಿಂದ ಮಾಡಿ ಕ್ಯಾರಿಯರಿನ ಕಬ್ಬಿಣ ಹಿಡ್ಕೊಂಡು ಕುಂಡ್ರತಿದ್ದೆ. ಓಣಿ ದಾಟಿ ಬಯಲಿಗೆ ಬಿದ್ದ ಮ್ಯಾಲೂ ಹಂಗ. ಅಲ್ಲಿ ಕರಿ ಹೊಲ ಬಿಟ್ರ ನೋಡವ್ರು ಯಾರಿದ್ರು ಅಂತೀರಿ? ಯಾರೂ ಇರಲಿಲ್ಲ. ರೂಢಿ.

ದಾರಿಯೊಳಗಿನ ಡಂಬಳ ದಾಟೂದರೊಳಗ ಬೆರಳು ಅದಾವೋ ಉದುರಿ ಬಿದ್ದಾವೋ ತಿಳಿತಿರಲಿಲ್ಲ. ಗ್ಲೌಸ್ ಹಾಕಿದೆ, ಕಬ್ಬಿಣ ಜಾರಿತು. ಟಾವೆಲ್ ಸುತ್ತಿದೆ, ಹಾರಿ ಹೋತು. ರಕ್ತ ತಗಿಯೋ ಕೆಲಸಕ್ಕ ಬೆರಳು ಬೆಚ್ಚಗಿರಬೇಕ್ರಿ, ಇಲ್ಲಂದ್ರ ನರ ಸಿಗಂಗಿಲ್ಲ. ಒಂದಿನ ಒಬ್ಬ ಯಜಮಾನರಿಗೆ ತಪ್ಪಿ ತಪ್ಪಿ ಚುಚ್ಚಿದೆ. ಪಾಪ, ಅವ್ರು ಕಣ್ಣಾಗ ನೀರು ತಂದ್ರು. ಅದನ್ನ ನೋಡಿದ ಡಾಕ್ಟರು "ದವಾಖಾನಿ ಹಿಂದ ಒಂದು ರೂಮ್ ಖಾಲಿ ಐತಿ, ಇಲ್ಲೇ ಇದ್ದುಬಿಡವಾ. ರವಿವಾರ ಊರಿಗೆ ಹೋಗಿ ಬಾ" ಅಂದ್ರು. ನಮ್ಮ ಅತ್ತಿನೂ "ಹೋಗವಾ, ಯಾಕ ಅಷ್ಟು ತ್ರಾಸು" ಅಂದ್ರು.

ನಾ ಇವ್ರಿಗೆ ಹೇಳಿದೆ. ಊಟಕ್ಕ ಕುಂತಿದ್ರು. ರೊಟ್ಟಿ ಮುರಿಯೋ ಕೈ ಒಂದೀಟು ನಿಂತಂಗಾತು.

"ನಿನಗ ಹೆಂಗ ಅನುಕೂಲ ಆಕ್ಕೈತಿ ಹಂಗ ಮಾಡು."

ಇದಕ್ಕ ಏನಂತ ಅರ್ಥ ಮಾಡ್ಕೋಬೇಕು, ನೀವಾರ ಹೇಳ್ರಿ. ಬ್ಯಾಡ ಅಂದಿದ್ರ ಸಿಟ್ಟಿಗೇಳ್ತಿದ್ದೆ, ಹೋಗು ಅಂದಿದ್ರ ಅಳ್ತಿದ್ದೆ. ಎರಡಕ್ಕೂ ದಾರಿ ಇಡಲಿಲ್ಲ ಪುಣ್ಯಾತ್ಮರು. ಮದುವಿಯಾಗಿ ಇನ್ನಾ ಅರಿಶಿಣ ಆರಿಲ್ಲ, ಆಗಲೇ ಬ್ಯಾರೆ ಬ್ಯಾರೆ ಊರು. ಒಮ್ಮೆ ಹಂಗ ಶುರುವಾದ್ರ ಮುಂದ ಹಂಗ ಉಳಿದುಬಿಡ್ತೈತಿ ಅಂತ ನನಗ ಒಳಗೊಳಗ ಅಂಜಿಕಿ. ರವಿವಾರದೊಳಗ ಹೇಳ್ತೀನಿ ಅಂತ ಡಾಕ್ಟರಿಗೆ ಹೇಳಿ ಬಂದೆ.

ಮರುದಿನ ಇವ್ರು ಜರ್ಕಿನ್ ತಿರುವಿ ಹಾಕ್ಕೊಂಡು ಬಂದು ನಿಂತ್ರು. "ಇದೇನ್ರೀ ಅವತಾರ?" ಅಂದೆ. "ಎದಿಗೆ ಗಾಳಿ ಹೊಡಿತೈತಿ." ಇಷ್ಟ ದಿನ ಹೊಡೀಲಾರದ ಗಾಳಿ ಇವತ್ತ ಹೊಡಿತೇನು? ಗಾಡಿ ಏರಿ ಕುಂತೆ. ನನ್ನ ಮುಂದ ಎರಡು ಕಿಸೆ ಬಾಯಿ ತಗದು ಕುಂತಾವ!

ಅದರಾಗ ಕೈ ಹಾಕಬೇಕು ಅಂತ ನನಗ ಹೊಳಿಲಿಲ್ಲ ಅಂತಲ್ಲ. ಹೊಳಿತು. ಆದ್ರ ನಮ್ಮ ತವರುಮನಿಯಾಗ ಗಂಡಸರ ಕಿಸೇಕ ಹೆಂಗಸರು ಕೈ ಹಾಕಂಗಿಲ್ಲ. ಹಾಕಿದ್ರ ಗಂಡನ ಮ್ಯಾಲ ಸಂಶೇ ಇದ್ದಂಗ ಅಂತ. ಅರಿವಿ ಒಗಿಯೋ ಮುಂದ ನಮ್ಮವ್ವ ಅಂಗಿ ಹಿಡ್ಕೊಂಡು "ಕಿಸೆ ನೋಡ್ಕೋರಿ" ಅಂತ ಒದರತಿದ್ಲು. ಅಪ್ಪ ಬರಲಿಲ್ಲಂದ್ರ ಹಂಗ ಒಗೀತಿದ್ಲು. ಎಷ್ಟೋ ಸಲ ಅಪ್ಪನ ತಂಬಾಕು, ಬಸ್ ಟಿಕೀಟು ಎಲ್ಲಾ ಅಂಗಿ ಜೋಡಿ ಸ್ನಾನ ಮಾಡ್ಯಾವ. ಅಂಥಾ ಮನಿಯಾಗ ಬೆಳದಾಕಿ ನಾ. ಕಿಸೆ ಮುಂದಿಟ್ಕೊಂಡು ಕಬ್ಬಿಣಾನ ಹಿಡ್ಕೊಂಡು ಹೋದೆ. ಮರುದಿನಾನೂ ಹಂಗ. ಅದರ ಮರುದಿನಾನೂ.

ಶನಿವಾರ ಹಸೀನಾಬಿ ಅಂತ ಒಬ್ಬ ಮುದುಕಿ ರಕ್ತ ಕೊಡಾಕ ಬಂದ್ಲು. ಸಂತಿಯಾಗ ಹೆಂಗಸರಿಗೆ ಬಳಿ ಇಡಾಕಿ. ನನ್ನ ಕೈ ತಾಗಿದ್ದ ತಡ, "ಯಾ ಅಲ್ಲಾ!" ಅಂತ ನನ್ನ ಬೆರಳು ಹಿಡಿದು ತಿಕ್ಕಾಕ ಹತ್ತಿದ್ಲು.

"ಹೆಂಗ ಬರ್ತಿಬೇ ದಿನಾ?"

"ನಮ್ಮ ಮನಿಯವ್ರ ಗಾಡಿ ಮ್ಯಾಲ."

"ಕೈ ಎಲ್ಲಿ ಇಟ್ಟಿರ್ತಿ?"

"ಹಿಂದ, ಕ್ಯಾರಿಯರಿಗೆ."

ಮುದುಕಿ ಅಲ್ಲಿ ಕುಂತವರಿಗೆಲ್ಲಾ ಕೇಳೂವಂಗ ನಕ್ಕಳು. "ಮುಂದ ಅಷ್ಟ ದೊಡ್ಡ ಗಂಡ ಕುಂತಾನ, ಈಕಿ ಹಿಂದಿನ ಕಬ್ಬಿಣ ಹಿಡಿತಾಳಂತ!"

ಖಾಲಿ ಹೊಟ್ಟಿಯವರೂ ನಕ್ಕರು. ನನಗ ನೆಲದಾಗ ಇಳಿದು ಹೋಗಬೇಕು ಅನಿಸ್ತು.

ಆ ರವಿವಾರ ಮಾತ್ರ ಅರ್ಧಾ ದಿನ ಕೆಲಸ ಇತ್ತು. ಊರು ದಾಟಿದ ಮ್ಯಾಲ, ದೇವರ ಮ್ಯಾಲ ಭಾರ ಹಾಕಿ ಕಿಸೇದಾಗ ಕೈ ಹಾಕಿದೆ. ಹಾಕಿದಾಕಿ ಹಂಗ ಕುಂತೆ. ಜರ್ಕಿನ್ನಿನ ಅಸ್ತರ ಅಲ್ಲ ಒಳಗ ಇದ್ದದ್ದು, ಕೌದಿ! ಹೊದಿಯೋ ಹಳೀ ಕೌದಿ ಕತ್ತರಿಸಿ, ಎರಡೂ ಕಿಸೇಕ ಒಳಗಿಂದ ಹೊಲಿದಿದ್ರು. ಹೊಲಗಿ ಸೊಟ್ಟ-ಪಟ್ಟ. ಅತ್ತಿ ಹೊಲಿದದ್ದಲ್ಲ, ಅವ್ರ ಹೊಲಗಿ ನನಗ ಗೊತ್ತು. ಇವ್ರು ಬೆನ್ನು ಒಮ್ಮೆ ನೆಟ್ಟಗ ಮಾಡಿದ್ರು. ಇರು ಅಂತ ಬಾಯಿಲೆ ಅನ್ನಾಕ ಬರಲಾರದಕ್ಕ ಹಿಂಗ ಹೇಳ್ಯಾರ ಅಂತ ತಿಳ್ಕೊಂಡೆ. ಮುಂಡರಗಿ ಬಂದ ಕೂಡಲೇ ಇಳಿದು, "ರೂಮ್ ಬ್ಯಾಡ ಅಂತ ಹೇಳ್ತೀನ್ರಿ" ಅಂದೆ.

"ಆತು" ಅಂದ್ರು. ಗಾಡಿ ತಿರುಗಿಸಿಕೊಂಡು ಹೋದ್ರು.

ಹಂಗ ನಾಕಾರು ಚಳಿಗಾಲ ಕಳದ್ವು. ಆಮ್ಯಾಲ ನನಗ ಬಾಜೂಕನ ಇರೋ ಗದಗಿನಾಗ ಕೆಲಸ ಸಿಕ್ತು, ಮುಂಜಾನಿ ಗಾಡಿ ಹತ್ತೂದು ನಿಂತುಹೋತು.

ಇವತ್ತು ಮನಿಗೆ ಬಂದಾಗ ಇವ್ರು ಮಗ್ಗದ ಮುಂದ ಕುಂತಿದ್ರು. ಆ ಹುಡುಗಿ ಇನ್ನೂ ಕಣ್ಣ ಮುಂದನ ಇದ್ಲು. ಇಷ್ಟು ವರ್ಷ ಕೇಳದ್ದು ಬಾಯಿಗೆ ಬಂತು.

"ಅಲ್ರೀ, ಅವತ್ತು ನಾ ಮುಂಡರಗಿಯೊಳಗ ಉಳಿಬಾರ್ದು ಅಂತ ಅಲ್ಲೇನು ನೀವು ಕಿಸೇಕ ಕೌದಿ ಹೊಲಿದದ್ದು?"

ಇವ್ರು ಲಾಳಿ ನಿಲ್ಲಿಸಿದ್ರು. "ಇಲ್ಲ. ನೀ ಹೊಂಟೇ ಬಿಟ್ಟಿ ಅಂತ ತಿಳಿದಿದ್ದೆ. ಹೋಗೋತನಕಾರ ಕೈ ಬೆಚ್ಚಗಿರ್ಲಿ ಅಂತ ಹೊಲಿದೆ."

ಹಂಗಾದ್ರ ಏನನ್ನ ನಂಬಿ ನಾ ಇಲ್ಲಿ ಉಳಿದೆ? ಯಾರೂ ಕರೀಲಾರದ ಮನಿಯಾಗ ಇಷ್ಟು ವರ್ಷ ಕರದಾರ ಅಂತ ತಿಳ್ಕೊಂಡು ಬೀಗಿಕೊಂಡು ಇದ್ದೆನೇನು?

"ನಾ ಇರೋದು ನಿಮಗ ಬೇಕಿರಲಿಲ್ಲೇನ್ರಿ?" ಅಂದೆ.

"ಬೇಕಿತ್ತು. ಇರು ಅಂದಿದ್ರ ನೀ ಇದ್ದುಬಿಡ್ತಿದ್ದಿ. ನನ್ನ ಸಲುವಾಗಿ ದಿನಾ ಕೈ ಮರಗಟ್ಟಿಸ್ಕೊಂಡು ಬರ್ತಿದ್ದಿ. ಅದಕ್ಕ ಅನ್ನಲಿಲ್ಲ."

ಸಿಟ್ಟು ಮಾಡ್ಲೋ ಅಳಲೋ ತಿಳಿಲಿಲ್ಲ. ಹೋಗಿ ಬಾಜು ಕುಂತು ಅವ್ರ ಕೈ ಹಿಡಿದೆ. ಐಸ್ ಆಗಿದ್ವು. ಅಷ್ಟು ಚಳಿಗಾಲ ನನ್ನ ಕೈ ಕೌದಿಯೊಳಗ ಇದ್ದಾಗ, ಹ್ಯಾಂಡಲ್ ಹಿಡಿದ ಈ ಕೈ ಎಲ್ಲಿದ್ವು ಅಂತ ನಾ ಒಂದಿನಾನೂ ನೋಡಿರಲಿಲ್ಲ.