ಸರೋಜಮ್ಮನವರ ಮೇಲೆ ಬರೆದ ಮೂಗರ್ಜಿ

ಸರೋಜಮ್ಮನವರೇ, ನಿಮ್ಮ ಮೇಲೆ ಮೂಗರ್ಜಿ ಬರೆದವನು ನಾನು. ನಿಮಗೆ ಊರಿನ ಪಟೇಲರ ಮೇಲೆ ಅನುಮಾನವಿತ್ತು. ಅವರು ತೀರಿಕೊಳ್ಳುವವರೆಗೂ ನಾನು ಅದನ್ನು ಹಾಗೇ ಇರಗೊಟ್ಟೆ.

ಐವತ್ತರ ದಶಕ. ಅಂತರಸಂತೆಯ ಆಚೆ ಕಾಡಿನ ಅಂಚಿನ ಆ ಒಂದೇ ಕೋಣೆಯ ಶಾಲೆಗೆ ನೀವು ಬಂದಾಗ ನಾನಲ್ಲಿ ಹೆಡ್‌ಮೇಷ್ಟ್ರಾಗಿ ಒಂಬತ್ತು ವರ್ಷ ಕಳೆದಿತ್ತು. ಕಾಡಿನ ಜನರ ಹಾಡಿಯಿಂದ ಬರುವ ಮಕ್ಕಳು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದರು. ಅವರಿಗೆ ಓದು ಹತ್ತುವುದಿಲ್ಲ ಎಂದು ನಾನು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೆ. ನಮ್ಮದೇ ಸೀಮೆಯ ಸಾಲಿಗ್ರಾಮದಿಂದ ಬಂದ ನೀವು, ಇನ್ನೂ ಇಪ್ಪತ್ತೆರಡರ ಹುಡುಗಿ, ಅವರನ್ನು ಮುಂದಕ್ಕೆ ಕರೆದಿರಿ. ಅವರ ಮಾತನ್ನು ಅವರಿಂದಲೇ ಕಲಿತಿರಿ. ಗೆಣಸಿಗೆ, ಹಕ್ಕಿಗೆ ಅವರೇನನ್ನುತ್ತಾರೋ ಅದನ್ನು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ನಮ್ಮ ಪದ ಬರೆಯುತ್ತಿದ್ದಿರಿ. ನಾನು ಒಳಗೊಳಗೇ ನಗುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಕೆಂಪಿ ಎಂಬ ಹಾಡಿಯ ಹುಡುಗಿ ಶಾಲಾ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರ ಮುಂದೆ ತಡವರಿಸದೆ ಓದಿದಳು. ಅವರು ಎಲ್ಲರೆದುರಿಗೆ ನನ್ನನ್ನು ಕೇಳಿದರು: "ಇಷ್ಟು ವರ್ಷ ಈ ಮಕ್ಕಳು ಎಲ್ಲಿದ್ರು ಮೇಷ್ಟ್ರೇ?"

ಆ ಒಂದು ಮಾತು — ಅದನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ.

ಮರುವಾರ ಮೇಲಿನ ಆಫೀಸಿಗೆ ಆ ಅರ್ಜಿಯನ್ನು ಎಡಗೈಯಲ್ಲಿ ಬರೆದೆ. ನೀವು ಪಾಠ ಬಿಟ್ಟು ಮಕ್ಕಳೊಂದಿಗೆ ಕಾಡು ಸುತ್ತುತ್ತೀರಿ ಎಂದು ಬರೆದೆ. ಅಷ್ಟಕ್ಕೆ ಯಾರೂ ವರ್ಗ ಮಾಡುವುದಿಲ್ಲ — ಅದಕ್ಕೇ ಕೊನೆಯಲ್ಲಿ 'ನಡತೆಯೂ ಸರಿಯಿಲ್ಲ' ಎಂದು ಸೇರಿಸಿದೆ. ಮದುವೆಯಾಗದ ಹೆಣ್ಣುಮಗಳ ಮೇಲೆ ಅಷ್ಟು ಸಾಕೆಂದು ನನಗೆ ಗೊತ್ತಿತ್ತು. ಗುರುತು ಸಿಗದಿರಲಿ ಎಂದು ಹುಣಸೂರಿಗೆ ಹೋಗಿ ಅಂಚೆಗೆ ಹಾಕಿ ಬಂದೆ.

ವರ್ಗದ ಆರ್ಡರ್ ಬಂದ ದಿನ ನೀವು ಬಂದದ್ದು ನನ್ನ ಮನೆ ಬಾಗಿಲಿಗೇ.

"ಮೇಷ್ಟ್ರೇ, ನಿಮ್ ಮಾತಿಗೆ ಆಫೀಸಲ್ಲಿ ಬೆಲೆ ಅದೆ. ಪರೀಕ್ಷೆ ಮುಗಿಯೋಗಂಟ ನನ್ನ ಇಲ್ಲೇ ಬುಡಿ ಅಂತ ಒಂದು ಕಾಗದ ಬರ್ದುಕೊಡಿ. ನನಗೋಸ್ಕರ ಅಲ್ಲ. ಮಕ್ಕಳು ಈಗಿನ್ನೂ ಅಕ್ಷರ ಕೂಡಿಸ್ತಾವ್ರೆ."

ನಿಮ್ಮೆದುರಿಗೇ ಮುದ್ದಾಗಿ ಬರೆದೆ. ನಾನೇ ಕಳಿಸುತ್ತೇನೆ ಎಂದೆ. ನೀವು ಕೈಮುಗಿದು ಹೋದಿರಿ. ಕಾಗದವನ್ನು ಒಲೆಗೆ ಹಾಕಿದೆ. ನನ್ನ ಹೆಂಡತಿ ನೋಡಿದಳು. ಆ ರಾತ್ರಿ ನನ್ನ ತಟ್ಟೆಗೆ ಬಡಿಸಿಟ್ಟು ಹಿತ್ತಲಿಗೆ ಎದ್ದು ಹೋದಳು.

ನೀವು ಹೋದ ಮೇಲೆ ಹಾಡಿಯ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಕೆಂಪಿ ಮಾತ್ರ ಕೆಲವು ವಾರ ಬಂದಳು. "ಅಮ್ಮೋರು ಯಾವಾಗ ಬತ್ತಾರೆ ಸಾ?" ಎನ್ನುತ್ತಿದ್ದಳು. "ಬರ್ತಾರೆ, ಕೂತ್ಕೊ" ಎನ್ನುತ್ತಿದ್ದೆ. ನೀವು ಕಲಿಸಿದಂತೆ ಕಲಿಸಲು ನಾನು ಪ್ರಯತ್ನಿಸಬಹುದಿತ್ತು — ಹಲಗೆ ಅಲ್ಲೇ ಇತ್ತು, ಸೀಮೆಸುಣ್ಣವೂ ಇತ್ತು. ಆದರೆ ಅವರ ಒಂದು ಪದವೂ ನನಗೆ ಬರುತ್ತಿರಲಿಲ್ಲ. ಕಲಿಯಲು ಒಂಬತ್ತು ವರ್ಷ ಸಿಕ್ಕಿತ್ತು.

ಒಂದು ದಿನ ಅವಳೂ ಬರಲಿಲ್ಲ. ತಿಂಗಳಾದ ಮೇಲೆ ಹಾಡಿಗೆ ಹೋದೆ. ಅವಳ ತಾಯಿ ಗುಡಿಸಲ ಮುಂದೆ ಬುಟ್ಟಿ ಹೆಣೆಯುತ್ತಿದ್ದಳು.

"ಕೊಡಗಿಗೆ ಕಳ್ಸಿವ್ನಿ ಸಾಮಿ, ಕಾಫಿ ತೋಟಕ್ಕೆ. ಇಸ್ಕೂಲಲ್ಲಿ ಓದ್ಸೋರು ಯಾರೂ ಇಲ್ಲ ಅಂತ ಹೆಣ್ಮಗ ಅಂತು."

ಆಕೆ ವ್ಯಂಗ್ಯವಾಡಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಎದುರಿಗೇ ನಿಂತಿದ್ದೆ, ಮೇಷ್ಟ್ರು.

ಕ್ಷಮಿಸಿ ಎನ್ನಲು ನನಗೆ ಬಾಯಿಲ್ಲ. ನಿಮ್ಮ ಹೆಸರಿಗೆ ಹತ್ತಿದ ಮಸಿ ನನ್ನದೆಂದು ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಿ. ಕೆಂಪಿಯ ವಿಷಯದಲ್ಲಿ ತೋರಿಸಲು ನನ್ನ ಬಳಿ ಏನೂ ಇಲ್ಲ. ಯಾವ ತೋಟವೆಂದು ಆ ತಾಯಿ ಹೇಳಿದ್ದಳು. ಬಸ್ಸಿನಲ್ಲಿ ಒಂದು ದಿನದ ದಾರಿ. ನಾನು ಹೋಗಲಿಲ್ಲ.