ಜಪಾನಿನ ಪೆಟ್ಟಿಗೆಗೆ ಹರಿಹರದ ವಿಭೂತಿ

ಹರಿಹರದಲ್ಲಿ ಇಪ್ಪತ್ತೆಂಟು ವರ್ಷದಿಂದ ಟಿವಿ ರಿಪೇರಿ ಮಾಡುತ್ತಿದ್ದ ನಾಗಭೂಷಣನಿಗೆ ದಾವಣಗೆರೆಯ ಅಂಕಿತಾಳ ಹೆಸರು ಕೇಳಿದರೇ ಮೈಯೆಲ್ಲ ಉರಿಯುತ್ತಿತ್ತು. ನಿನ್ನೆ ಮೊನ್ನೆ ರಿಪೇರಿ ಅಂಗಡಿ ತೆರೆದವಳು, ಅವಳ ಮುಂದೆ ಈ ಜನ ಸಾಲುಗಟ್ಟಿ ನಿಲ್ಲುವುದೇ!

ಮಲೆಬೆನ್ನೂರಿನ ಸಾಹುಕಾರ ವಾಮದೇವಪ್ಪನವರ ಅಳಿಯ ಜಪಾನಿನಿಂದ ವಿಡಿಯೋ ಗೇಮ್ ಕನ್ಸೋಲ್ ತಂದಿದ್ದ. ಅದು ನೂರು ವೋಲ್ಟಿನದು. ನಮ್ಮ ಕರೆಂಟಿಗೆ ನೇರ ಸಿಕ್ಕಿಸಿದರೆ ಸುಟ್ಟೇಹೋಗುತ್ತದೆ. ನಾಗಭೂಷಣ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಹೊಂದಿಸಿ, ತನ್ನ ಕೈ ಮುಟ್ಟಿದ ಎಲ್ಲ ಯಂತ್ರಗಳಿಗೂ ಮಾಡುವಂತೆ ಮೂರು ಬೆರಳು ವಿಭೂತಿ ಎಳೆದು ಕಳಿಸಿದ.

ನಾಲ್ಕೇ ದಿನಕ್ಕೆ ಕನ್ಸೋಲ್ ಕಾದು ಕಾದು ಆಫ್ ಆಗತೊಡಗಿತು. ಸಾಹುಕಾರರು ಇವನಿಗೊಂದು ಮಾತೂ ಹೇಳದೆ ಅದನ್ನು ಅಂಕಿತಾಳಿಗೆ ಕೊಟ್ಟರು. ಅವಳು ಅರ್ಧ ಗಂಟೆಯಲ್ಲಿ ಸರಿಮಾಡಿದಳಂತೆ.

ಅರ್ಧ ಗಂಟೆ! ಹೊಟ್ಟೆಯುರಿ ತಡೆಯಲಾರದೆ ಅವನು ಬಸ್ಸು ಹತ್ತಿ ಅವಳ ಅಂಗಡಿಗೇ ಹೋದ.

"ಏನಾಗಿತ್ತಮ್ಮ ಅದಕ್ಕೆ? ನನ್ನ ಟ್ರಾನ್ಸ್‌ಫಾರ್ಮರ್ ಸರಿ ಇರ್ಲಿಲ್ವಾ?"

"ಇಲ್ರಿ ಅಣ್ಣಾರೆ, ಅದು ಚೆನ್ನಾಗೈತೆ," ಎಂದ ಅಂಕಿತಾ ದನಿ ತಗ್ಗಿಸಿದಳು. "ಗಾಳಿ ಎಳಿಯೋ ಜಾಲರಿ ಮ್ಯಾಲೆ ವಿಭೂತಿ ಹಚ್ಚಿದ್ರಿ. ಒಳಗಿನ ಫ್ಯಾನಿಗೆಲ್ಲ ಅದೇ ಮೆತ್ಕೊಂಡಿತ್ತು."

"ಸಾವ್ಕಾರ್ರಿಗೂ ಹಿಂಗೇ ಹೇಳಿದ್ಯಾ?"

"ಇಲ್ರಿ, ಧೂಳು ಅಂತ ಹೇಳಿದೆ."

ಊರೆಲ್ಲ ಡಂಗುರ ಸಾರಿದ್ದರೆ ಅವಳನ್ನು ದ್ವೇಷಿಸಿಕೊಂಡಾದರೂ ನೆಮ್ಮದಿಯಾಗಿರುತ್ತಿದ್ದ. ಆ ಒಂದು ಸುಖವನ್ನೂ ಈಗ ಅವಳು ಕಿತ್ತುಕೊಂಡಿದ್ದಳು.