ಪೂಜೆಗಿಟ್ಟ ಪಾನಾ

ನನಗೆ ಸಿಟ್ಟು ಬೇಗ. ಮಿಲ್ಲಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಸಾವ್ಕಾರರಿಗೂ ಗೊತ್ತಿತ್ತು.

ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ರಸ್ತೆಯಲ್ಲಿ ಆ ಅಕ್ಕಿ ಮಿಲ್ಲು. ನಾವು ಆರು ಜನ ಹೆಂಗಸರು ಕೆಲಸಕ್ಕಿದ್ದೆವು. ಅಂಜನಾಪುರದ ಸುತ್ತಿನ ಗದ್ದೆಗಳ ಭತ್ತವೆಲ್ಲ ಅಲ್ಲಿಗೇ ಬರುತ್ತಿತ್ತು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ತೌಡಿನ ಧೂಳು ಮೈಗೆ ಹತ್ತಿದರೆ ತಡೆಯಲಾರದ ಕೆರೆತ, ಅದಕ್ಕೇ ಈ ವೇಷ.

ನನ್ನ ಜೊತೆಗಾತಿ ಕುಪ್ಪಗಡ್ಡೆಯಲ್ಲಿ ಹುಟ್ಟಿ ಈಸೂರಿಗೆ ಸೊಸೆಯಾಗಿ ಬಂದವಳು. ಯಾರು ಏನೇ ಅಂದರೂ ತಲೆ ತಗ್ಗಿಸುವ ಹೆಂಗಸು. "ಬ್ರಿಟಿಷರಿಗೇ ತಲೆ ಬಾಗದ ಈಸೂರಿನ ನೀರು ಕುಡಿದೂ ಹಿಂಗದೀಯಲ್ಲೇ, ಆ ಊರಿನ ಮರ್ಯಾದೆ ಏನಾಗಬೇಕು?" ಎಂದು ನಾನು ಕಾಡಿಸುತ್ತಿದ್ದೆ. ಅವಳು ನಕ್ಕು ಕೆಲಸಕ್ಕೆ ಬಗ್ಗುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಅವಳು ಮಷಿನ್ನಿನ ಬೆಲ್ಟಿನ ಕೆಳಗೆ ಉದುರಿದ್ದ ತೌಡು ಗುಡಿಸಲು ಬಗ್ಗಿದಳು. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಮಷಿನ್ ನಡೆಸುವವ ಓಡಿ ಬಂದು ಸ್ವಿಚ್ ಆರಿಸುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು.

"ಹಿಂದಿನ ಅಮಾವಾಸ್ಯೆಗೆ ಕುಂಬಳಕಾಯಿ ಒಡೀಲಿಲ್ಲ ನೋಡ್ರಿ. ದೇವರಿಗೆ ಬೇಕಾಗಿತ್ತು, ತಗಂಡ" ಎಂದರು ಸಾವ್ಕಾರರು. ಮುಂದಿನ ಅಮಾವಾಸ್ಯೆಗೆ ಮಿಲ್ಲಿನ ಬಾಗಿಲಲ್ಲಿ ಎರಡು ಕುಂಬಳಕಾಯಿ ಒಡೆದರು. ನಾನೂ ಕೈ ಮುಗಿದು ನಿಂತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಯಾಕೆಂದರೆ ಆ ಬೆಲ್ಟಿನ ಮುಂದೆ ಮೊದಲು ಒಂದು ಕಬ್ಬಿಣದ ಜಾಲರಿ ಇತ್ತು. ಆ ಸುಗ್ಗಿಗೆ ಮೊದಲಿನ ಆಯುಧಪೂಜೆಗೆ ತೊಳೆಯಲೆಂದು ಬಿಚ್ಚಿದರು, ಒಳಗಿನ ಚಕ್ರಕ್ಕೆ ವಿಭೂತಿ ಎಳೆದು ಹೂವು ಹಾಕಿದರು. ನಾಳೆ ಹಾಕಿಸುತ್ತೇನೆ ಎಂದ ಸಾವ್ಕಾರರು ಹಾಕಿಸಲೇ ಇಲ್ಲ. ನಾವೂ ಮತ್ತೆ ಕೇಳಲಿಲ್ಲ.

ಗಾಯ ಮಾಯಿತು. ಮುಂದಿನ ಆಯುಧಪೂಜೆ ಹತ್ತಿರ ಬಂದಾಗ, ಪೂಜೆಯ ಮರುದಿನದಿಂದ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಸಾವ್ಕಾರರು ಹೇಳಿ ಕಳಿಸಿದರು. ಅವಳ ಮನೆ ನಡೆಯುತ್ತಿದ್ದದ್ದೇ ಅವಳ ದುಡಿಮೆಯಲ್ಲಿ. "ಹ್ಯಾಂಗೆ ಬರ್ಲಿ ಮಾರಾಯ್ತಿ? ಆ ಬೆಲ್ಟಿನ ಸದ್ದು ನೆನೆಸ್ಕಂಡು ರಾತ್ರಿ ಎದ್ದು ಕೂರ್ತೀನಿ. ಜಾಲರಿ ಇಲ್ದೆ ನಾ ಅಲ್ಲಿ ಕಾಲಿಡೂದಿಲ್ಲ" ಎಂದಳು.

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಆರತಿ ತಟ್ಟೆ ತರಲು ನನ್ನನ್ನು ಸಾವ್ಕಾರರ ಮನೆಗೆ ಕಳಿಸಿದರು. ಅವರ ತಾಯಿ ತಾರಸಿಯ ಮೇಲಿದ್ದರು. ನಾನೂ ಹತ್ತಿದೆ. ಹತ್ತಿ ನೋಡಿದರೆ, ನಾಲ್ಕು ಇಟ್ಟಿಗೆಯ ಮೇಲೆ ನಮ್ಮ ಜಾಲರಿ! ಅದರ ಮೇಲೆ ಮಜ್ಜಿಗೆ ಮೆಣಸಿನಕಾಯಿ ಒಣಗುತ್ತಿದ್ದವು.

"ಅಮ್ಮಾರೇ, ಇದು ಮಿಲ್ಲಿಂದು ಅಲ್ಲೇನ್ರೀ?"

"ಹೂನವ್ವ. ಅಲ್ಲಿ ಸುಮ್ನೆ ಬಿದ್ದಿತ್ತು. ಕೆಳಗೂ ಗಾಳಿ ಆಡತೈತಿ, ಮೆಣಸಿನಕಾಯಿ ಚಲೋ ಒಣಗ್ತಾವು."

ಆ ಮುದುಕಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು? ಮೆಣಸಿನಕಾಯಿಗಳನ್ನು ಮೊರಕ್ಕೆ ತೆಗೆದಿಟ್ಟೆ. ಜಾಲರಿಯನ್ನು ತಲೆಯ ಮೇಲೆ ಹೊತ್ತು ಹಾಡಹಗಲೇ ಪೇಟೆಯ ನಡುವೆ ನಡೆದೆ. ಯಾರು ಕೇಳಿದರೂ ನಿಂತು ಹೇಳಿದೆ, ಇದು ಎಲ್ಲಿತ್ತು, ಎಲ್ಲಿ ಇರಬೇಕಿತ್ತು ಎಂದು. ಆರತಿ ತಟ್ಟೆ ಮರೆತೇ ಹೋಯಿತು.

ಮರುದಿನ ಬೆಳಿಗ್ಗೆ ಪೂಜೆ. ಮಷಿನ್ನಿಗೆಲ್ಲ ಚೆಂಡು ಹೂವು, ಕೆಳಗೆ ಒಂದು ಹಲಗೆಯ ಮೇಲೆ ಸುತ್ತಿಗೆ, ತಕ್ಕಡಿ, ಬೋಲ್ಟು ಬಿಗಿಯುವ ಪಾನಾ, ಎಲ್ಲಕ್ಕೂ ವಿಭೂತಿ. ಜಾಲರಿ ಮಾತ್ರ ನಾನು ತಂದಿಟ್ಟಲ್ಲೇ ಗೋಡೆಗೆ ಒರಗಿತ್ತು. ಮಂಗಳಾರತಿ ಆದ ಮೇಲೆ ಶಾಸ್ತ್ರಕ್ಕೆ ಒಂದು ಗಳಿಗೆ ಮಷಿನ್ ಚಾಲೂ ಮಾಡುವುದು ನಮ್ಮಲ್ಲಿ ಪದ್ಧತಿ. ಸಾವ್ಕಾರರು ಸ್ವಿಚ್ಚಿನ ಕಡೆ ಬಂದರು. ನಾನು ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

"ಜಾಲರಿ ಹಾಕ್ರಿ, ಆಮೇಲೆ ಚಾಲೂ ಮಾಡ್ರಿ."

"ನಾಳೆ ಹಾಕ್ಸೋಣ ಬಿಡವ್ವ."

"ಹೋದ ವರ್ಷಾನೂ ನಾಳೆ ಅಂದಿದ್ರಿ."

ಕರೆಸಿದ ನೆಂಟರೆಲ್ಲ ನೋಡುತ್ತಿದ್ದರು. ಸಾವ್ಕಾರರ ಮುಖ ಕೆಂಪಾಯಿತು. ಹಲಗೆಯ ಕಡೆ ಕೈ ತೋರಿಸಿ ಅಂದರು: "ಪಾನಾ ಪೂಜೆಗೆ ಇಟ್ಟೈತಿ. ಇವತ್ತು ಅದನ್ನ ಮುಟ್ಟಂಗಿಲ್ಲ. ಅಷ್ಟೂ ಗೊತ್ತಿಲ್ಲೇನು?"

ಆ ಮಾತೇನೋ ನಿಜವೇ. ನನ್ನ ತವರಿನಲ್ಲಿ ಆ ದಿನ ಕುಡುಗೋಲನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಪೂಜೆಗೆ ಬಂದಿದ್ದ ಅಯ್ಯನೋರು ಗಂಟೆ ಹಿಡಿದು ಹಾಗೇ ನಿಂತರು.

ಆಗ ಹೆಂಗಸರ ಹಿಂದಿನಿಂದ ನನ್ನ ಜೊತೆಗಾತಿ ಮುಂದೆ ಬಂದಳು. ಅವಳು ಬಂದಿರುವುದೇ ನನಗೆ ಗೊತ್ತಿರಲಿಲ್ಲ. ಹಲಗೆಯ ಮುಂದೆ ಕೂತು ಕೈ ಮುಗಿದಳು. ಹೂವು ಸರಿಸಿ, ಮೂರು ಬೆರಳಿನ ಬಲಗೈಯಲ್ಲಿ ಪಾನಾ ಎತ್ತಿಕೊಂಡಳು.

"ದೇವ್ರು ನನ್ನ ಎರಡು ಬೆರಳು ತಗಂಡ ಅಂದ್ರಲ್ಲ ಸಾವ್ಕಾರ್ರೇ" ಎಂದಳು. ತಲೆ ತಗ್ಗಿಸಲಿಲ್ಲ. "ಹಂಗಾದ್ರೆ ಒಂದು ಪಾನಾ ನನಗೆ ಕೊಡ್ತಾನೆ ಬಿಡಿ."

ಯಾರೂ ತಡೆಯಲಿಲ್ಲ. ನಾನೂ ಮಷಿನ್ ನಡೆಸುವವನೂ ಜಾಲರಿ ಎತ್ತಿ ಹಿಡಿದೆವು. ನಾಲ್ಕು ಬೋಲ್ಟು. ಎರಡು ಸಲ ಪಾನಾ ಅವಳ ಕೈಯಿಂದ ಜಾರಿತು. ನಾನು ಕೈ ಚಾಚಿದರೆ ಮೊಣಕೈಯಿಂದ ತಿವಿದಳು. ನಾಲ್ಕನೆಯದು ಬಿಗಿದ ಮೇಲೆ ಬೆರಳಿಗಂಟಿದ ವಿಭೂತಿಯನ್ನು ಹಣೆಗೆ ಒರೆಸಿಕೊಂಡು, "ಈಗ ಚಾಲೂ ಮಾಡಿ" ಎಂದಳು. ಅಯ್ಯನೋರು ಗಂಟೆ ಬಾರಿಸಿದರು.

ಮರುದಿನ ಅವಳು ಕೆಲಸಕ್ಕೆ ಬಂದಳು, ಅಂಗಿಯ ತೋಳನ್ನು ಮೊಣಕೈಗೆ ಕತ್ತರಿಸಿಕೊಂಡು. ನಾವೂ ಕತ್ತರಿಸಿಕೊಂಡೆವು. ಈಗ ಆಯುಧಪೂಜೆಗೆ ಜಾಲರಿ ಬಿಚ್ಚುವುದಿಲ್ಲ, ಹೂವು ಅದರ ಮೇಲೆಯೇ. ಹಲಗೆಯ ಮೇಲೆ ಸುತ್ತಿಗೆ, ತಕ್ಕಡಿ ಎಲ್ಲ ಇಡುತ್ತೇವೆ. ಪಾನಾ ಮಾತ್ರ ಇಡುವುದಿಲ್ಲ. ಅದು ಆ ದಿನ ಅವಳ ಸೊಂಟದಲ್ಲಿರುತ್ತದೆ.